ಹಿರಿಯರ ಕಿವಿ, ತಲೆಸುತ್ತು ಮತ್ತು ರಕ್ತನಾಳಗಳ ಉರಿಯೂತ

ಮಾಟುಂಗದ ನಮ್ಮ ಸಭಾಗೃಹಗಳಲ್ಲಿ ಕಾರ್ಯಕ್ರಮ ಆರಂಭವಾಗುವ ಮೊದಲೇ ಮುಂದಿನ ಎರಡು ಮೂರು ಸಾಲುಗಳು ತುಂಬಿರುತ್ತವೆ. ಅಲ್ಲಿ ಕುಳಿತವರಲ್ಲಿ ಹೆಚ್ಚಿನವರು ಎಪ್ಪತ್ತರ ಆಸುಪಾಸಿನ ಹಿರಿಯರು. ಗೌರವಾರ್ಥವಾಗಿ ಅವರನ್ನು ಮುಂದೆ ಕುಳ್ಳಿರಿಸಿದ್ದಾರೆಂದು ಹೊಸಬರು ಭಾವಿಸುವುದುಂಟು. ನಿಜವಾದ ಕಾರಣ ಬೇರೆ. ಹಿಂದೆ ಕುಳಿತರೆ ಅವರಿಗೆ ಮಾತು ತಿಳಿಯದು. ಯಕ್ಷಗಾನವಾದರೆ ಚೆಂಡೆಯ ಸದ್ದು ಕೇಳಿಸುತ್ತದೆ, ಅರ್ಥದ ಮಾತು ಕೈಗೆ ಸಿಗುವುದಿಲ್ಲ. ಮನೆಗೆ ಮರಳುವಾಗ ಮೆಟ್ಟಿಲಿನ ಬಳಿ ಒಂದು ಕ್ಷಣ ನಿಂತು, ಕಟಕಟೆ ಹಿಡಿದು, ತಲೆ ಸ್ಥಿರವಾದ ಮೇಲೆ ಇಳಿಯುವವರನ್ನೂ ನಾವು ಕಂಡಿದ್ದೇವೆ. ಕೇಳಿದರೆ ಎಲ್ಲರದೂ ಒಂದೇ ಉತ್ತರ: "ವಯಸ್ಸಾಯಿತಲ್ಲ!"

ಹತ್ತರಲ್ಲಿ ಒಂಬತ್ತು ಪಾಲು ಈ ಉತ್ತರ ತಪ್ಪಲ್ಲ. ಆದರೆ ಅದು ತಪ್ಪಾಗುವ ಸಂದರ್ಭಗಳೂ ಇವೆ. ದೇಹದ ರಕ್ತನಾಳಗಳಲ್ಲಿ ಉಂಟಾಗುವ ಉರಿಯೂತವು ಮೊದಲಿಗೆ ಕಿವಿಯಲ್ಲಿ, ಇಲ್ಲವೆ ನಡಿಗೆಯ ಸಮತೋಲನದಲ್ಲಿ ಕಾಣಿಸಿಕೊಳ್ಳಬಹುದು. ಇದು ವಿರಳವಾದ ಕಾಯಿಲೆ. ಆದರೂ ಇದನ್ನು ಕುರಿತು ಇಷ್ಟು ವಿಸ್ತಾರವಾಗಿ ಬರೆಯಲು ಕಾರಣವಿದೆ. ವಯಸ್ಸಿಗೆ ಮದ್ದಿಲ್ಲ, ಈ ಉರಿಯೂತಕ್ಕೆ ಮದ್ದಿದೆ. ಮತ್ತು ಆ ಮದ್ದು ಫಲಿಸಲು ಇರುವ ಸಮಯ ಬಹಳ ಕಡಿಮೆ.

ನಮ್ಮ ಪರಿಚಯದ ತಾಯಿಯೊಬ್ಬರ ಅನುಭವವನ್ನು ಹೆಸರಿಲ್ಲದೆ ಇಲ್ಲಿ ಹೇಳುತ್ತೇವೆ. ಎಪ್ಪತ್ತೆರಡು ವಯಸ್ಸು, ಮನೆಗೆಲಸದಲ್ಲಿ ಚುರುಕು. ಒಂದು ಮಳೆಗಾಲದಲ್ಲಿ ಅವರ ಬಲಗಿವಿ ಐದಾರು ವಾರಗಳೊಳಗೆ ಮಂದವಾಯಿತು. ನಡೆಯುವಾಗ ನೆಲ ದೋಣಿಯಂತೆ ಓಲಾಡುತ್ತದೆ ಎನ್ನತೊಡಗಿದರು. ಹತ್ತಿರದ ದವಾಖಾನೆಯಲ್ಲಿ ಕಿವಿಗೆ ಹನಿ ಔಷಧವೂ ತಲೆಸುತ್ತಿಗೆ ಮಾತ್ರೆಯೂ ದೊರೆತವು, ವಾರಗಳು ಕಳೆದವು. ಈ ನಡುವೆ ಅವರು ರಾತ್ರಿ ಚಪಾತಿ ತಿನ್ನುವುದನ್ನು ಬಿಟ್ಟು ಅನ್ನಕ್ಕೆ ಮಜ್ಜಿಗೆ ಕಲಸಿಕೊಳ್ಳುವುದನ್ನು ಸೊಸೆ ಗಮನಿಸಿದರು. "ಅತ್ತೆ, ಚಪಾತಿ ಯಾಕೆ ಬಿಟ್ಟಿರಿ?" ಎಂದು ಕೇಳಿದ್ದಕ್ಕೆ, "ಎರಡು ತುತ್ತು ಅಗಿಯುವಷ್ಟರಲ್ಲಿ ದವಡೆ ಸೋಲುತ್ತದಮ್ಮ" ಎಂಬ ಉತ್ತರ ಬಂತು. ಬಾಚಣಿಗೆ ತಾಗಿದರೆ ತಲೆಯ ಚರ್ಮ ನೋಯುತ್ತದೆಂದು ಹೂ ಮುಡಿಯುವುದನ್ನೂ ಬಿಟ್ಟಿದ್ದರು. ಕಿವಿಗೂ ದವಡೆಗೂ ಬಾಚಣಿಗೆಗೂ ಸಂಬಂಧವಿದೆಯೆಂದು ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಒಂದು ಬೆಳಿಗ್ಗೆ ಒಂದು ಕಣ್ಣಿಗೆ ಪರದೆ ಇಳಿದಂತಾಗಿ ಕೆಲವು ನಿಮಿಷ ಏನೂ ಕಾಣದಾದಾಗ ಗಾಬರಿಯಿಂದ ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ದರು. ಆ ವೈದ್ಯರು ಅಂದೇ ರಕ್ತ ಪರೀಕ್ಷೆ ಮಾಡಿಸಿ, ಅಂದೇ ಸ್ಟಿರಾಯ್ಡ್ ಆರಂಭಿಸಿದರು. ಕಣ್ಣು ಉಳಿಯಿತು, ನಡಿಗೆ ಬಹುಪಾಲು ಸರಿಹೋಯಿತು. ಬಲಗಿವಿಯ ಶ್ರವಣ ಮಾತ್ರ ಪೂರ್ತಿಯಾಗಿ ಮರಳಲಿಲ್ಲ.

ಅವರಿಗಿದ್ದ ಕಾಯಿಲೆಯ ಹೆಸರು ಜಯಂಟ್ ಸೆಲ್ ಆರ್ಟರೈಟಿಸ್. ಅದರ ವಿಚಾರಕ್ಕೆ ಹೋಗುವ ಮುನ್ನ ಒಳಕಿವಿಯ ರಚನೆಯನ್ನು ಸ್ವಲ್ಪ ತಿಳಿದುಕೊಳ್ಳುವುದು ಅಗತ್ಯ.

ಒಳಕಿವಿ: ಒಂದೇ ಹಾದಿಯ ಊರು

ನಾವು ಕನ್ನಡಿಯಲ್ಲಿ ಕಾಣುವುದು ಹೊರಕಿವಿ ಮಾತ್ರ. ಅದರ ನಾಳದ ಕೊನೆಯಲ್ಲಿ ಕಿವಿಯ ತಮಟೆ. ತಮಟೆಯ ಹಿಂದೆ ಗಾಳಿ ತುಂಬಿದ ನಡುಗಿವಿ ಮತ್ತು ಅದರೊಳಗೆ ಮೂರು ಪುಟ್ಟ ಮೂಳೆಗಳು. ಅದಕ್ಕೂ ಒಳಗೆ, ತಲೆಬುರುಡೆಯ ಅತ್ಯಂತ ಗಟ್ಟಿಯಾದ ಮೂಳೆಯಲ್ಲಿ ಕೊರೆದಿಟ್ಟಂತೆ ಒಳಕಿವಿ. ಅಲ್ಲಿ ಶಂಖದಂತೆ ಸುರುಳಿಗೊಂಡ ಕಾಕ್ಲಿಯ ಎಂಬ ಭಾಗ ಶಬ್ದವನ್ನು ಗ್ರಹಿಸುತ್ತದೆ. ಅದಕ್ಕೆ ಅಂಟಿಕೊಂಡಿರುವ ಮೂರು ಅರ್ಧವೃತ್ತಾಕಾರದ ನಾಳಗಳು ಮತ್ತು ಎರಡು ಪುಟ್ಟ ಚೀಲಗಳು ತಲೆ ಯಾವ ದಿಕ್ಕಿಗೆ ತಿರುಗಿತು, ಎಷ್ಟು ವಾಲಿತು ಎಂಬುದನ್ನು ಮಿದುಳಿಗೆ ತಿಳಿಸುತ್ತವೆ. ನಾವು ನಡೆಯುತ್ತಲೇ ಅಂಗಡಿಯ ಫಲಕವನ್ನು ಓದಬಲ್ಲೆವಾದರೆ ಅದು ಈ ನಾಳಗಳ ಕೃಪೆ. ತಲೆ ಅಲುಗಿದಷ್ಟೇ ಕಣ್ಣನ್ನು ಎದುರು ದಿಕ್ಕಿಗೆ ಸರಿಸಿ ನೋಟವನ್ನು ಸ್ಥಿರವಾಗಿರಿಸುವುದು ಅವುಗಳ ಕೆಲಸ. ಎರಡೂ ಅಂಗಗಳು ಒಂದೇ ದ್ರವದಲ್ಲಿ, ಒಂದೇ ಗೂಡಿನಲ್ಲಿ ಇರುವುದರಿಂದಲೇ ಕಿವುಡು ಮತ್ತು ತಲೆಸುತ್ತು ಎಷ್ಟೋ ಸಲ ಜೊತೆಯಾಗಿ ಬರುತ್ತವೆ.

ಈ ಗೂಡಿಗೆ ರಕ್ತ ಒಯ್ಯುವುದು ಕೂದಲಿನಷ್ಟು ಸೂಕ್ಷ್ಮವಾದ ಒಂದೇ ಒಂದು ಅಪಧಮನಿ. ಮಿದುಳಿನ ಹಿಂಭಾಗಕ್ಕೆ ರಕ್ತ ಕೊಡುವ ನಾಳಗಳಿಂದ ಅದು ಕವಲೊಡೆದು ಬರುತ್ತದೆ. ದೇಹದ ಇತರ ಕಡೆಗಳಲ್ಲಿ ಒಂದು ನಾಳ ಕಟ್ಟಿದರೆ ನೆರೆಯ ನಾಳ ನೆರವಿಗೆ ಬರುವುದುಂಟು. ಒಳಕಿವಿಗೆ ಅಂಥ ಅನುಕೂಲವಿಲ್ಲ. ದಾದರ್‌ನಲ್ಲಿ ನೀರು ನಿಂತರೆ ಬದಲಿ ಮಾರ್ಗ ಹಿಡಿದು ಮನೆ ಸೇರಬಹುದು, ಇಲ್ಲಿ ಬದಲಿ ಮಾರ್ಗವೇ ಇಲ್ಲ. ಮೇಲಾಗಿ ಶಬ್ದವನ್ನು ಗ್ರಹಿಸುವ ರೋಮಕೋಶಗಳು ಸದಾ ಆಮ್ಲಜನಕ ಬೇಡುವಂಥವು. ಮನುಷ್ಯರಲ್ಲಿ ಅವು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಉರಿಯೂತವೆಂದರೇನು?

ರಕ್ತನಾಳ ಕಿರಿದಾಗುವುದಕ್ಕೆ ನಮ್ಮ ಮನೆಗಳಲ್ಲಿ ಎಲ್ಲರೂ ಬಲ್ಲ ಕಾರಣ ಕೊಬ್ಬು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನಗಳಿಂದ ನಾಳದ ಒಳಗೋಡೆಯಲ್ಲಿ ವರ್ಷಗಟ್ಟಲೆ ಸಂಗ್ರಹವಾಗುವ ಕಿಲುಬು ಅದು. ಉರಿಯೂತ ಅದಲ್ಲ. ರೋಗಗಳಿಂದ ನಮ್ಮನ್ನು ಕಾಯಬೇಕಾದ ರಕ್ಷಣಾ ಕೋಶಗಳು ದಾರಿತಪ್ಪಿ ರಕ್ತನಾಳದ ಗೋಡೆಯನ್ನೇ ಶತ್ರುವೆಂದು ಬಗೆದು ಮುತ್ತುತ್ತವೆ. ಗೋಡೆ ಊದಿಕೊಳ್ಳುತ್ತದೆ, ಒಳದಾರಿ ಕಿರಿದಾಗುತ್ತದೆ, ಕೆಲವೊಮ್ಮೆ ಪೂರ್ತಿ ಮುಚ್ಚುತ್ತದೆ. ವೈದ್ಯರು ಇದನ್ನು ವ್ಯಾಸ್ಕ್ಯುಲೈಟಿಸ್ ಎನ್ನುತ್ತಾರೆ. ಇದು ಒಂದೇ ಕಾಯಿಲೆಯ ಹೆಸರಲ್ಲ, ಒಂದು ಕುಟುಂಬದ ಹೆಸರು. ದೊಡ್ಡ ನಾಳ, ಮಧ್ಯಮ ನಾಳ, ಸಣ್ಣ ನಾಳ ಎಂದು ವಿಂಗಡಿಸಿ ಅದರ ಸದಸ್ಯರನ್ನು ಗುರುತಿಸುವ ಪದ್ಧತಿಯಿದೆ. ಕೊಬ್ಬಿನಿಂದ ನಾಳ ಕಟ್ಟಿದವರಿಗೆ ಸಾಮಾನ್ಯವಾಗಿ ಜ್ವರವಿರುವುದಿಲ್ಲ, ತೂಕ ಇಳಿಯುವುದಿಲ್ಲ. ಉರಿಯೂತದವರಿಗೆ ಸಣ್ಣ ಜ್ವರ, ಆಯಾಸ, ಊಟ ಸೇರದಿರುವುದು, ಬೆವರು, ತೂಕ ಕುಸಿತ ಇವುಗಳಲ್ಲಿ ಒಂದೆರಡಾದರೂ ಇರುವುದುಂಟು. ಇಡೀ ದೇಹ ಒಳಗೊಳಗೇ ಉರಿಯುತ್ತಿರುತ್ತದೆ, ಕಿವಿ ಅದರ ಒಂದು ಬಾಗಿಲು ಮಾತ್ರ.

ಹಿರಿಯರ ಕಿವಿಯನ್ನು ಕಾಡುವ ಸದಸ್ಯರು ಮುಖ್ಯವಾಗಿ ಇಬ್ಬರು.

ಕಣತಲೆಯ ಅಪಧಮನಿಯ ಕಾಯಿಲೆ

ಮೊದಲನೆಯದು ಮೇಲೆ ಹೇಳಿದ ಜಯಂಟ್ ಸೆಲ್ ಆರ್ಟರೈಟಿಸ್. ಸೂಕ್ಷ್ಮದರ್ಶಕದಡಿ ನಾಳದ ಗೋಡೆಯಲ್ಲಿ ದೈತ್ಯಾಕಾರದ ಕೋಶಗಳು ಕಾಣುವುದರಿಂದ ಈ ಹೆಸರು. ಕಿವಿಯ ಮುಂದೆ, ಹಣೆಯ ಪಕ್ಕದಲ್ಲಿ ಹಾಯುವ ಕಣತಲೆಯ ಅಪಧಮನಿಯಲ್ಲಿ ಎದ್ದು ಕಾಣುವುದರಿಂದ ಟೆಂಪೊರಲ್ ಆರ್ಟರೈಟಿಸ್ ಎಂದೂ ಹಳಬರು ಕರೆಯುತ್ತಾರೆ. ಐವತ್ತಕ್ಕಿಂತ ಮೊದಲು ಇದು ಬರುವುದಿಲ್ಲವೆಂದೇ ಹೇಳಬಹುದು. ಎಪ್ಪತ್ತು ದಾಟಿದವರಲ್ಲಿ ಹೆಚ್ಚು, ಪುರುಷರಿಗಿಂತ ಮಹಿಳೆಯರಲ್ಲಿ ಹೆಚ್ಚು. 1890ರಲ್ಲಿ ಲಂಡನ್ನಿನ ವೈದ್ಯ ಜೊನಾಥನ್ ಹಚಿನ್ಸನ್, ತಲೆಯ ಮೇಲಿನ ಕೆಂಪು ಗೆರೆಗಳ ನೋವಿನಿಂದಾಗಿ ಟೊಪ್ಪಿ ಧರಿಸಲಾಗದ ಒಬ್ಬ ವೃದ್ಧನ ವಿಷಯ ಬರೆದಿದ್ದರು. ಆ ಕೆಂಪು ಗೆರೆಗಳು ಊದಿದ ಅಪಧಮನಿಗಳಾಗಿದ್ದವು. 1932ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಬಯಾರ್ಡ್ ಹಾರ್ಟನ್ ಅಂಥ ಅಪಧಮನಿಯ ತುಣುಕನ್ನು ಪರೀಕ್ಷಿಸಿ ಕಾಯಿಲೆಗೆ ಸ್ಪಷ್ಟ ರೂಪ ಕೊಟ್ಟರು. ನಮ್ಮವರಲ್ಲಿ ಟೊಪ್ಪಿಯ ಬದಲು ಬಾಚಣಿಗೆ, ಕನ್ನಡಕದ ಕಡ್ಡಿ, ತಲೆದಿಂಬು ಇವುಗಳ ಮಾತು ಬರುತ್ತದೆ, ಲಕ್ಷಣ ಅದೇ.

ಹೊಸದಾಗಿ ಬಂದ ತಲೆನೋವು, ಅಗಿಯುವಾಗ ದವಡೆ ಸೋಲುವುದು, ತಲೆಚರ್ಮದ ನೋವು, ಕ್ಷಣಕಾಲ ದೃಷ್ಟಿ ಮಸುಕಾಗುವುದು ಇದರ ಪ್ರಸಿದ್ಧ ಲಕ್ಷಣಗಳು. ಸುಮಾರು ಅರ್ಧದಷ್ಟು ರೋಗಿಗಳಿಗೆ ಬೆಳಿಗ್ಗೆ ಏಳುವಾಗ ಎರಡೂ ಭುಜ ಮತ್ತು ಸೊಂಟ ಬಿಗಿದು ಸೀರೆ ಉಡಲು, ಕೈ ಎತ್ತಲು ಕಷ್ಟವಾಗುವ ಪಾಲಿಮಯಾಲ್ಜಿಯ ಎಂಬ ತೊಂದರೆಯೂ ಇರುತ್ತದೆ. ಕಣ್ಣಿನ ಅಪಾಯ ದೊಡ್ಡದಾದುದರಿಂದ ಪುಸ್ತಕಗಳು ಕಣ್ಣಿನ ಬಗ್ಗೆಯೇ ಹೆಚ್ಚು ಬರೆದವು, ಕಿವಿ ಹಿಂದೆ ಬಿತ್ತು. 2003ರಲ್ಲಿ ಸ್ಪೇನ್ ದೇಶದ ವೈದ್ಯರು ಬಯಾಪ್ಸಿಯಿಂದ ಖಚಿತವಾದ 44 ರೋಗಿಗಳ ಒಳಕಿವಿಯನ್ನು ಕ್ರಮವಾಗಿ ಪರೀಕ್ಷಿಸಿ ಪ್ರಕಟಿಸಿದ ಅಧ್ಯಯನ ಈ ಕೊರತೆಯನ್ನು ಕೊಂಚ ತುಂಬಿತು. ಅವರಲ್ಲಿ ಬಹುಪಾಲು ಮಂದಿಗೆ ಸಮತೋಲನದ ದೋಷವೂ, ಅರ್ಧಕ್ಕಿಂತ ಹೆಚ್ಚಿನವರಿಗೆ ಶ್ರವಣದೋಷವೂ ಇದ್ದವು. ಸ್ಟಿರಾಯ್ಡ್ ಆರಂಭಿಸಿ ಮೂರು ತಿಂಗಳಾಗುವಷ್ಟರಲ್ಲಿ ಹಲವರ ಸಮತೋಲನ ಸುಧಾರಿಸಿತ್ತು. ಶ್ರವಣ ಸುಧಾರಿಸಿದವರು ಅದಕ್ಕಿಂತ ಕಡಿಮೆ. ನಾವು ಮೇಲೆ ಹೇಳಿದ ತಾಯಿಯ ಕಥೆಯೂ ಇದೇ ದಾರಿಯಲ್ಲಿ ಸಾಗಿತೆಂಬುದನ್ನು ಓದುಗರು ಗಮನಿಸಬಹುದು.

ಈ ಕಾಯಿಲೆ ಉತ್ತರ ಯುರೋಪಿನವರಲ್ಲಿ, ಅದರಲ್ಲೂ ಸ್ಕ್ಯಾಂಡಿನೇವಿಯದವರಲ್ಲಿ ಅತಿ ಹೆಚ್ಚು. ಭಾರತೀಯರಲ್ಲಿ ಬಹಳ ಕಡಿಮೆ. ಆ ಮಾತೇ ನಮ್ಮಲ್ಲಿ ಒಂದು ತೊಡಕೂ ಆಗಿದೆ. ಕಡಿಮೆಯೆಂಬ ಕಾರಣಕ್ಕೆ ಯಾರ ಮನಸ್ಸಿಗೂ ಮೊದಲು ಬರುವುದಿಲ್ಲ, ಬಾರದುದರಿಂದ ಪರೀಕ್ಷೆಯಾಗುವುದಿಲ್ಲ.

ಕ್ಷಯವೆಂದು ತಪ್ಪು ತಿಳಿಯುವ ಕಾಯಿಲೆ

ಎರಡನೆಯದು ಸಣ್ಣ ನಾಳಗಳ ಉರಿಯೂತ. ಇದರಲ್ಲಿ ಮುಖ್ಯವಾದುದಕ್ಕೆ ಗ್ರ್ಯಾನ್ಯುಲೊಮಟೋಸಿಸ್ ವಿತ್ ಪಾಲಿಯಾಂಜೈಟಿಸ್, ಚಿಕ್ಕದಾಗಿ ಜಿಪಿಎ, ಎಂದು ಹೆಸರು. ಹಿಂದೆ ಜರ್ಮನಿಯ ಫ್ರೀಡ್ರಿಕ್ ವೆಗೆನರ್ ಹೆಸರಿನಿಂದ ಕರೆಯುತ್ತಿದ್ದರು. ಆತನ ನಾಜಿ ಸಂಬಂಧ ಬೆಳಕಿಗೆ ಬಂದ ಮೇಲೆ 2011ರಲ್ಲಿ ವೈದ್ಯ ಸಂಘಟನೆಗಳು ಹೆಸರು ಬದಲಿಸಿದವು. ಇದು ಮೂಗು, ಕಿವಿ, ಶ್ವಾಸಕೋಶ, ಮೂತ್ರಪಿಂಡಗಳನ್ನು ಹಿಡಿಯುತ್ತದೆ. ಯಾವ ವಯಸ್ಸಿನಲ್ಲೂ ಬರಬಹುದಾದರೂ ಕಿವಿಯಿಂದಲೇ ಆರಂಭವಾಗುವ ಬಗೆಯನ್ನು ಜಪಾನಿನ ವೈದ್ಯರು ವಿಶೇಷವಾಗಿ ಅರವತ್ತು ದಾಟಿದವರಲ್ಲಿ ಗುರುತಿಸಿದ್ದಾರೆ.

ಇಲ್ಲಿ ಕಿವಿ ಕೆಡುವ ರೀತಿ ಬೇರೆ. ಮೊದಲು ನಡುಗಿವಿಯಲ್ಲಿ ನೀರು ತುಂಬುತ್ತದೆ ಇಲ್ಲವೆ ಕಿವಿ ಸೋರುತ್ತದೆ, ಕಿವಿ ಕಟ್ಟಿದಂತಾಗುತ್ತದೆ. ಜೀವಮಾನದಲ್ಲಿ ಎಂದೂ ಕಿವಿ ಸೋರದವರಿಗೆ ಅರವತ್ತೈದರಲ್ಲಿ ಎರಡೂ ಕಿವಿ ಸೋರತೊಡಗಿದರೆ ಅದು ಮಕ್ಕಳ ಕಿವಿ ಸೋರಿಕೆಯಂತಲ್ಲ. ಆಂಟಿಬಯಾಟಿಕ್‌ಗೆ ಬಗ್ಗುವುದಿಲ್ಲ. ವಾರಗಳಲ್ಲಿ ಉರಿಯೂತ ಒಳಕಿವಿಗೆ ಇಳಿದರೆ ನರಸಂಬಂಧಿ ಕಿವುಡು, ತಲೆಸುತ್ತು, ಕೆಲವರಲ್ಲಿ ಮುಖದ ಒಂದು ಭಾಗದ ಪಾರ್ಶ್ವವಾಯು ಕಾಣಿಸುತ್ತವೆ. ಜೊತೆಗೆ ಮೂಗಿನಲ್ಲಿ ಹಕ್ಕಳೆ ಕಟ್ಟುವುದು, ಮೂಗಿನಿಂದ ರಕ್ತ, ಕೆಮ್ಮು, ಮೂತ್ರದಲ್ಲಿ ಪ್ರೋಟೀನ್ ಇರಬಹುದು. ಮೂತ್ರಪಿಂಡ ಹಿಡಿದರೆ ಪ್ರಾಣಾಪಾಯ.

ಮುಂಬಯಿಯ ಸಂದರ್ಭದಲ್ಲಿ ಇದನ್ನು ಒತ್ತಿ ಹೇಳಬೇಕಾಗಿದೆ. ಈ ಮಹಾನಗರದಲ್ಲಿ ಕ್ಷಯರೋಗ ವ್ಯಾಪಕವಾಗಿದೆ. ಕೆಮ್ಮು, ಸಣ್ಣ ಜ್ವರ, ತೂಕ ಇಳಿಕೆ, ಎದೆಯ ಎಕ್ಸ್-ರೇಯಲ್ಲಿ ಕಲೆ, ಸೋರುವ ಕಿವಿ ಇವೆಲ್ಲ ಕ್ಷಯದಲ್ಲೂ ಉಂಟು, ಜಿಪಿಎಯಲ್ಲೂ ಉಂಟು. ತುಣುಕು ತೆಗೆದು ನೋಡಿದರೂ ಎರಡರಲ್ಲೂ ಗಂಟುಗಂಟಾದ ಒಂದೇ ಬಗೆಯ ಚಿತ್ರ ಕಾಣಬಹುದು. ಆದ್ದರಿಂದ ಭಾರತದಲ್ಲಿ ಜಿಪಿಎ ರೋಗಿಗಳಿಗೆ ಮೊದಲು ತಿಂಗಳುಗಟ್ಟಲೆ ಕ್ಷಯದ ಔಷಧ ಕೊಟ್ಟ ಪ್ರಸಂಗಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ವರದಿಯಾಗಿವೆ. ಇನ್ನೊಂದು ವಿಪರ್ಯಾಸವನ್ನೂ ಹೇಳಬೇಕು. ಕ್ಷಯಕ್ಕೆ ದೀರ್ಘಕಾಲ ಬಳಕೆಯಲ್ಲಿದ್ದ ಸ್ಟ್ರೆಪ್ಟೊಮೈಸಿನ್ ಮತ್ತು ಅದೇ ವರ್ಗದ ಚುಚ್ಚುಮದ್ದುಗಳು ಸ್ವತಃ ಒಳಕಿವಿಗೆ ವಿಷ. ಹಿಂದೆ ಯಾವಾಗಲಾದರೂ ಅಂಥ ಚುಚ್ಚುಮದ್ದು ಪಡೆದಿದ್ದ ಹಿರಿಯರು ಅದನ್ನು ವೈದ್ಯರಿಗೆ ಮರೆಯದೆ ತಿಳಿಸಬೇಕು. ಹಾಗೆಂದು ಕ್ಷಯದ ಔಷಧವನ್ನು ಯಾರೂ ತಾವಾಗಿ ನಿಲ್ಲಿಸಕೂಡದು. ಕಫದಲ್ಲಿ ಕ್ಷಯದ ಕ್ರಿಮಿ ನಿಜವಾಗಿ ಸಿಕ್ಕಿತೆ, ಇಲ್ಲವೆ ಕೇವಲ ಚಿತ್ರ ನೋಡಿ ಊಹಿಸಿದ್ದೆ ಎಂದು ವಿನಯದಿಂದ ಕೇಳುವ ಹಕ್ಕು ಮಾತ್ರ ಪ್ರತಿ ಕುಟುಂಬಕ್ಕೂ ಇದೆ.

1980ರ ದಶಕದಲ್ಲಿ ಎಎನ್‌ಸಿಎ (ಆಂಕಾ) ಎಂಬ ರಕ್ತ ಪರೀಕ್ಷೆ ಬಂದ ಮೇಲೆ ಈ ಎರಡನ್ನು ಬೇರ್ಪಡಿಸುವ ಕೆಲಸ ಸುಲಭವಾಯಿತು. ಒಂದು ಎಚ್ಚರಿಕೆ: ರೋಗ ಕಿವಿಗೆ ಮಾತ್ರ ಸೀಮಿತವಾಗಿರುವಾಗ ಈ ಪರೀಕ್ಷೆ ಋಣಾತ್ಮಕವಾಗಿ ಬರಬಹುದು. ಕ್ಷಯ ಮೊದಲಾದ ಸೋಂಕುಗಳಲ್ಲಿ ಕೆಲವೊಮ್ಮೆ ಧನಾತ್ಮಕವಾಗಿಯೂ ಬರುವುದುಂಟು.

ಉಳಿದ ಸದಸ್ಯರನ್ನು ಹೆಸರಿಸಿ ಮುಂದುವರಿಯುತ್ತೇವೆ. ಕಣ್ಣು ಕೆಂಪಾಗಿ ಜೊತೆಗೆ ಕಿವಿ ಹೋಗುವ ಕೋಗನ್ ಸಿಂಡ್ರೋಮ್ ಹೆಚ್ಚಾಗಿ ಯುವಕರದು. ಬಾಯಿಹುಣ್ಣಿನ ಬೆಹ್ಚೆಟ್ ಕಾಯಿಲೆಯೂ ಹಾಗೆಯೇ. ಭಾರತದಲ್ಲಿ ಹೆಚ್ಚಾಗಿ ಕಾಣುವ ದೊಡ್ಡ ನಾಳದ ಉರಿಯೂತವಾದ ತಕಯಾಸು ಕಾಯಿಲೆ ತರುಣಿಯರನ್ನು ಕಾಡುತ್ತದೆ. ಕಿವಿಯ ಹಾಲೆಯ ಮೃದ್ವಸ್ಥಿ ಕೆಂಪಾಗಿ ಊದಿಕೊಳ್ಳುವ ಇನ್ನೊಂದು ಕಾಯಿಲೆಯಲ್ಲೂ ಶ್ರವಣ ಕೆಡಬಹುದು.

ವಯಸ್ಸಿನದೆ, ಕಾಯಿಲೆಯದೆ?

ವಯೋಸಹಜ ಕಿವುಡು ವರ್ಷಗಳಲ್ಲಿ ಬರುತ್ತದೆ, ಎರಡೂ ಕಿವಿಗೆ ಹೆಚ್ಚುಕಡಿಮೆ ಸಮನಾಗಿ ಬರುತ್ತದೆ, ಮೊದಲು ಎತ್ತರದ ಸ್ವರಗಳನ್ನು ಕಸಿಯುತ್ತದೆ. ಚೆಂಡೆ ಕೇಳಿಸಿ ಮಾತು ತಿಳಿಯದಿರುವುದು ಇದರಿಂದಲೇ. ಸ, ತ, ಕ ಮುಂತಾದ ವ್ಯಂಜನಗಳು ಎತ್ತರದ ಸ್ವರದಲ್ಲಿರುತ್ತವೆ. ಉರಿಯೂತದ ಕಿವುಡು ದಿನಗಳಲ್ಲಿ ಅಥವಾ ವಾರಗಳಲ್ಲಿ ಬರುತ್ತದೆ, ಒಂದು ಕಿವಿಯಲ್ಲಿ ಆರಂಭವಾಗಬಹುದು, ಒಂದು ದಿನ ಹೆಚ್ಚು ಒಂದು ದಿನ ಕಡಿಮೆ ಎಂದು ಏರಿಳಿಯಬಹುದು. ಮನೆಯವರು ಕೇಳಬೇಕಾದ ಪ್ರಶ್ನೆ "ಕೇಳಿಸುತ್ತದೆಯೆ?" ಎಂಬುದಲ್ಲ, "ಕಳೆದ ತಿಂಗಳು ಕೇಳಿಸುತ್ತಿತ್ತೆ?" ಎಂಬುದು. ಫೋನನ್ನು ಯಾವ ಕಿವಿಗೆ ಹಿಡಿಯುತ್ತಾರೆ, ಅದನ್ನು ಇತ್ತೀಚೆಗೆ ಬದಲಿಸಿದರೆ ಎಂದು ನೋಡಿದರೂ ಎಷ್ಟೋ ತಿಳಿಯುತ್ತದೆ.

ತಲೆಸುತ್ತಿನಲ್ಲೂ ಇಂಥದೇ ವಿವೇಚನೆ ಬೇಕು. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಅರೆನಿಮಿಷ ಕೋಣೆ ಗಿರ್ರನೆ ತಿರುಗಿ ನಿಲ್ಲುವುದು ಹಿರಿಯರಲ್ಲಿ ಅತಿ ಸಾಮಾನ್ಯ. ಒಳಕಿವಿಯ ಸೂಕ್ಷ್ಮ ಹರಳುಗಳು ಜಾಗ ತಪ್ಪಿದ್ದರಿಂದ ಆಗುವ ಅದನ್ನು ವೈದ್ಯರು ತಲೆಯನ್ನು ಕ್ರಮವಾಗಿ ತಿರುಗಿಸಿ ಕೆಲವೇ ನಿಮಿಷಗಳಲ್ಲಿ ಸರಿಪಡಿಸಬಲ್ಲರು. ಎದ್ದು ನಿಂತಾಗ ಕಣ್ಣು ಕತ್ತಲೆ ಬರುವುದು ಬಹುಮಟ್ಟಿಗೆ ರಕ್ತದೊತ್ತಡದ ಮಾತ್ರೆಯ ಪರಿಣಾಮ. ಉರಿಯೂತದಿಂದ ಸಮತೋಲನದ ಅಂಗಗಳು ಸೋತವರಿಗೆ ಸುತ್ತುವುದಕ್ಕಿಂತ ಓಲಾಟ ಹೆಚ್ಚು: ನಡೆಯುವಾಗ ದೃಶ್ಯ ಕುಲುಕುತ್ತದೆ, ಕತ್ತಲಲ್ಲಿ ಹೆಜ್ಜೆ ತಪ್ಪುತ್ತದೆ. ಅಭ್ಯಂಜನದ ದಿನ ತಲೆಗೆ ಸೀಗೆಪುಡಿ ಹಚ್ಚಿ ಕಣ್ಣು ಮುಚ್ಚಿದಾಗ ವಾಲಿ ಗೋಡೆ ಹಿಡಿಯುವವರು ತಮಗರಿವಿಲ್ಲದೆ ವೈದ್ಯರ ಪರೀಕ್ಷೆಯೊಂದನ್ನು ಮಾಡಿಕೊಂಡಿರುತ್ತಾರೆ. ಕಣ್ಣಿನ ಆಸರೆ ತೆಗೆದೊಡನೆ ದೇಹ ತೂಗಾಡಿದರೆ ಕಿವಿಯ ಅಥವಾ ಕಾಲಿನ ನರಗಳ ಆಸರೆ ಸಾಲದೆಂದೇ ಅರ್ಥ.

ತಲೆಸುತ್ತಿನೊಂದಿಗೆ ಮಾತು ತೊದಲಿದರೆ, ಒಂದು ವಸ್ತು ಎರಡಾಗಿ ಕಂಡರೆ, ಕೈಕಾಲು ಸೋತರೆ, ನಿಲ್ಲಲೇ ಆಗದಿದ್ದರೆ ಅದು ಮಿದುಳಿನ ಆಘಾತವಿರಬಹುದು. ಕಿವಿಯ ತಜ್ಞರನ್ನು ಹುಡುಕುತ್ತ ಕೂರದೆ ಆಂಬುಲೆನ್ಸ್ ಕರೆಯಬೇಕು. ಮೂರು ದಿನದೊಳಗೆ ಕಿವಿ ಹಠಾತ್ತನೆ ಕಿವುಡಾದರೆ, ಕಾರಣ ಏನೇ ಇರಲಿ, ಅದೂ ತುರ್ತು. ಅಲ್ಲಿ ಸ್ಟಿರಾಯ್ಡ್ ಫಲಿಸುವ ಅವಕಾಶ ಮೊದಲ ಎರಡು ವಾರಗಳಲ್ಲಿ ಹೆಚ್ಚು. ಮೇಣ ಕಟ್ಟಿದೆಯೆಂದು ಬಿಸಿ ಎಣ್ಣೆ ಬಿಟ್ಟುಕೊಂಡು ಆ ಎರಡು ವಾರ ಕಳೆಯುವುದು ನಮ್ಮವರ ಹಳೆಯ ರೂಢಿ.

ಪರೀಕ್ಷೆಗಳು, ಮತ್ತು ಕನ್ನಡದ ಪ್ರಶ್ನೆ

ಮೊದಲ ರಕ್ತ ಪರೀಕ್ಷೆಗಳು ದುಬಾರಿಯಲ್ಲ. ಇಎಸ್‌ಆರ್ ಮತ್ತು ಸಿಆರ್‌ಪಿ ಯಾವ ಸಾಧಾರಣ ಪ್ರಯೋಗಾಲಯದಲ್ಲೂ ಆಗುತ್ತವೆ. ಜಯಂಟ್ ಸೆಲ್ ಕಾಯಿಲೆಯಲ್ಲಿ ಇಎಸ್‌ಆರ್ 50ಕ್ಕಿಂತ ಮೇಲೇರುವುದು ಸಾಮಾನ್ಯ, 100 ದಾಟುವುದೂ ಉಂಟು. ಸೋಂಕು, ರಕ್ತಹೀನತೆ, ಕ್ಯಾನ್ಸರ್‌ಗಳಲ್ಲೂ ಅದು ಏರುವುದರಿಂದ ಏರಿದ ಮಾತ್ರಕ್ಕೆ ಉರಿಯೂತವೆಂದಲ್ಲ. ಏರಲಿಲ್ಲವೆಂದ ಮಾತ್ರಕ್ಕೆ ಇಲ್ಲವೆಂದೂ ಅಲ್ಲ. ಮೂತ್ರ ಪರೀಕ್ಷೆ, ಕ್ರಿಯಾಟಿನಿನ್, ಆಂಕಾ, ಎದೆಯ ಚಿತ್ರ ನಂತರದವು. ಕಣತಲೆಯ ಅಪಧಮನಿಯನ್ನು ಅಲ್ಟ್ರಾಸೌಂಡ್‌ನಲ್ಲಿ ನೋಡಿದರೆ ಊದಿದ ಗೋಡೆ ನಾಳದ ಸುತ್ತ ಕಪ್ಪು ಬಳೆಯಂತೆ ಕಾಣುತ್ತದೆ. ಅನುಮಾನ ಉಳಿದರೆ ಸ್ಥಳೀಯ ಅರಿವಳಿಕೆಯಲ್ಲಿ ಒಂದೆರಡು ಸೆಂಟಿಮೀಟರ್ ತುಣುಕು ತೆಗೆದು ನೋಡುತ್ತಾರೆ. ಈ ಬಯಾಪ್ಸಿಗಾಗಿ ಸ್ಟಿರಾಯ್ಡನ್ನು ತಡೆಹಿಡಿಯುವುದಿಲ್ಲ. ಔಷಧ ಆರಂಭಿಸಿದ ಒಂದೆರಡು ವಾರದವರೆಗೂ ತುಣುಕಿನಲ್ಲಿ ರೋಗದ ಗುರುತು ಉಳಿದಿರುತ್ತದೆ.

ಕಿವಿಗೆ ಆಡಿಯೋಮೆಟ್ರಿ ಆಗಬೇಕು. ಶಬ್ದ ಮುಚ್ಚಿದ ಕೋಣೆಯಲ್ಲಿ ಕಿವಿಗೊಂದು ಹೆಡ್‌ಫೋನ್ ಹಾಕಿ, ಸಣ್ಣ ಸ್ವರ ಕೇಳಿಸಿದಾಗ ಗುಂಡಿ ಒತ್ತುವ ಪರೀಕ್ಷೆ ಅದು. ಅದಕ್ಕೆ ಭಾಷೆ ಬೇಡ. ಆದರೆ ಅದರ ಎರಡನೆಯ ಭಾಗದಲ್ಲಿ ಪದಗಳನ್ನು ಹೇಳಿಸಿ ರೋಗಿ ಎಷ್ಟನ್ನು ಸರಿಯಾಗಿ ಮರುಹೇಳುತ್ತಾರೆಂದು ನೋಡುತ್ತಾರೆ. ನಮ್ಮ ಓದುಗರ ಮನೆಗಳಲ್ಲಿ ಊರಿನಿಂದ ಮಗನ ಮನೆಗೆ ಬಂದು ನೆಲೆಸಿದ ತಾಯಂದಿರು ಅನೇಕರು. ಕುಂದಾಪುರದ ಕಡೆಯ ಅಥವಾ ಬಿಜಾಪುರದ ಕಡೆಯ ಅಜ್ಜಿಗೆ ಮರಾಠಿಯ ಅಥವಾ ಇಂಗ್ಲಿಷಿನ ಪದಪಟ್ಟಿ ಓದಿದರೆ ಅವರು ತಪ್ಪು ಹೇಳುವುದು ಕಿವಿಯ ದೋಷದಿಂದಲ್ಲ, ಪದ ಗೊತ್ತಿಲ್ಲದುದರಿಂದ. ವರದಿಯಲ್ಲಿ ಮಾತ್ರ ಪದ ಗ್ರಹಣ ಕಡಿಮೆ ಎಂದು ದಾಖಲಾಗುತ್ತದೆ, ಮುಂದಿನ ಚಿಕಿತ್ಸೆ ಅದರ ಮೇಲೆ ನಡೆಯುತ್ತದೆ. ಕನ್ನಡದಲ್ಲಿ ಧ್ವನಿಸಮತೋಲಿತ ಪದಪಟ್ಟಿಗಳನ್ನು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಸಿದ್ಧಪಡಿಸಿದೆ. ಪರೀಕ್ಷೆಗೆ ಮುನ್ನ "ಇವರಿಗೆ ಕನ್ನಡ ಮಾತ್ರ ಬರುತ್ತದೆ" ಎಂದು ತಿಳಿಸಿ, ಕನ್ನಡ ಪಟ್ಟಿ ಕೇಳಬಹುದು. ಅದಿಲ್ಲವಾದರೆ ರೋಗಿಗೆ ಯಾವ ಭಾಷೆ ಬಾರದೆಂಬುದನ್ನು ವರದಿಯಲ್ಲೇ ಬರೆಸಿಕೊಳ್ಳಬೇಕು.

ಮಾಟುಂಗದವರಿಗೆ ಸೌಲಭ್ಯಗಳು ದೂರವಿಲ್ಲ. 1983ರಲ್ಲಿ ಸ್ಥಾಪನೆಯಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಬಾಂದ್ರಾ ರಿಕ್ಲಮೇಶನ್‌ನಲ್ಲಿದೆ. ಮಾಟುಂಗ ರೋಡ್‌ನಿಂದಾಗಲಿ ಕಿಂಗ್ಸ್ ಸರ್ಕಲ್‌ನಿಂದಾಗಲಿ ಮಾಹಿಮ್ ದಾಟಿದರೆ ಬಾಂದ್ರಾ. ಶ್ರವಣ ಪರೀಕ್ಷೆ ಮತ್ತು ಶ್ರವಣಯಂತ್ರಗಳ ವಿಷಯದಲ್ಲಿ ಅದು ದೇಶದ ಪ್ರಮುಖ ಸರಕಾರಿ ಸಂಸ್ಥೆಗಳಲ್ಲೊಂದು. ಸಯಾನ್‌ನ ಲೋಕಮಾನ್ಯ ತಿಲಕ್ ಆಸ್ಪತ್ರೆ, ಪರೇಲ್‌ನ ಕೆಇಎಂ ಆಸ್ಪತ್ರೆ, ಮುಂಬಯಿ ಸೆಂಟ್ರಲ್‌ನ ನಾಯರ್ ಆಸ್ಪತ್ರೆಗಳಲ್ಲಿ ಕಿವಿ ಮೂಗು ಗಂಟಲಿನ ವಿಭಾಗಗಳಿವೆ. ರಕ್ತನಾಳಗಳ ಉರಿಯೂತವನ್ನು ನೋಡುವವರು ಕಿವಿಯ ತಜ್ಞರಲ್ಲ, ರೂಮಟಾಲಜಿಸ್ಟ್ ಎಂಬ ತಜ್ಞರು. ಸಂಧಿವಾತದ ವೈದ್ಯರೆಂದು ಹೆಸರಾದುದರಿಂದ ಕಿವಿ ನೋವಿಗೆ ಅವರಲ್ಲಿಗೆ ಹೋಗಬೇಕೆಂದು ಯಾರಿಗೂ ತೋಚುವುದಿಲ್ಲ.

ಚಿಕಿತ್ಸೆ

ಸ್ಟಿರಾಯ್ಡ್ ಎಂದೊಡನೆ ನಮ್ಮ ಹಿರಿಯರು ಹೆದರುತ್ತಾರೆ. ಹೆದರಿಕೆಗೆ ಕಾರಣವಿಲ್ಲದಿಲ್ಲ: ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ, ಕಣ್ಣಿಗೆ ಪೊರೆ ಬರಬಹುದು, ಅಡಗಿದ್ದ ಕ್ಷಯ ಏಳಬಹುದು. ಆದರೆ ಜಯಂಟ್ ಸೆಲ್ ಕಾಯಿಲೆಯಲ್ಲಿ ತಡಮಾಡಿದರೆ ಕಣ್ಣು ಶಾಶ್ವತವಾಗಿ ಹೋಗುತ್ತದೆ. ಸಾಮಾನ್ಯವಾಗಿ ದಿನಕ್ಕೆ 40ರಿಂದ 60 ಮಿಲಿಗ್ರಾಂ ಪ್ರೆಡ್ನಿಸೊಲೋನ್‌ನಿಂದ ಆರಂಭಿಸಿ ಒಂದೆರಡು ವರ್ಷಗಳಲ್ಲಿ ಮೆಲ್ಲನೆ ಇಳಿಸುತ್ತಾರೆ. ತಲೆನೋವು, ಭುಜದ ಬಿಗಿತ ಎರಡು ಮೂರು ದಿನಗಳಲ್ಲೇ ಕರಗುವುದನ್ನು ಕಂಡು ರೋಗ ವಾಸಿಯಾಯಿತೆಂದು ಮಾತ್ರೆ ಬಿಡುವುದು ಅಪಾಯಕರ. ರೋಗ ಮರಳುತ್ತದೆ, ದೇಹವೂ ಹಠಾತ್ ನಿಲುಗಡೆಯನ್ನು ತಾಳದು. ಸ್ಟಿರಾಯ್ಡ್ ಪ್ರಮಾಣ ತಗ್ಗಿಸಲು ನೆರವಾಗುವ ಟೊಸಿಲಿಜುಮಾಬ್ ಚುಚ್ಚುಮದ್ದಿಗೆ ಅಮೆರಿಕದಲ್ಲಿ 2017ರಲ್ಲಿ ಒಪ್ಪಿಗೆ ಸಿಕ್ಕಿತು. ಉಪಾಡಸಿಟಿನಿಬ್ ಎಂಬ ಮಾತ್ರೆಗೆ 2025ರಲ್ಲಿ. ಬೆಲೆ ಮಧ್ಯಮ ವರ್ಗದ ಮನೆಗೆ ಭಾರವೇ.

ಜಿಪಿಎ ಒಂದು ಕಾಲದಲ್ಲಿ ತಿಂಗಳುಗಳಲ್ಲಿ ಕೊಲ್ಲುತ್ತಿತ್ತು. 1970ರ ದಶಕದಲ್ಲಿ ಅಮೆರಿಕದ ಆಂಥೊನಿ ಫೌಚಿ ಮತ್ತು ಶೆಲ್ಡನ್ ವುಲ್ಫ್ ಸೈಕ್ಲೊಫಾಸ್ಫಮೈಡ್ ಜೊತೆ ಸ್ಟಿರಾಯ್ಡ್ ಕೊಡುವ ಕ್ರಮವನ್ನು ರೂಪಿಸಿದ ಮೇಲೆ ಆ ಸ್ಥಿತಿ ಬದಲಾಯಿತು. ಕೋವಿಡ್ ಕಾಲದಲ್ಲಿ ದೂರದರ್ಶನದಲ್ಲಿ ಕಂಡ ಅದೇ ಫೌಚಿ. 2011ರಿಂದ ರಿಟುಕ್ಸಿಮಾಬ್ ಕೂಡ ಲಭ್ಯವಿದೆ. ನಡುಗಿವಿಯ ನೀರಿನಿಂದಾದ ಕಿವುಡು ಚಿಕಿತ್ಸೆಗೆ ಚೆನ್ನಾಗಿ ಸ್ಪಂದಿಸುತ್ತದೆ. ಒಳಕಿವಿಗೆ ಇಳಿದುದು ಅಷ್ಟಾಗಿ ಅಲ್ಲ. ಉಳಿದ ಕಿವುಡಿಗೆ ಶ್ರವಣಯಂತ್ರ, ತೀವ್ರವಾದರೆ ಕಾಕ್ಲಿಯರ್ ಇಂಪ್ಲಾಂಟ್ ಇವೆ.

ಸಮತೋಲನದ ವಿಷಯದಲ್ಲಿ ಒಂದು ಸಾಮಾನ್ಯ ತಪ್ಪನ್ನು ಹೇಳದಿರಲಾಗದು. ಸಿನ್ನರಿಜಿನ್, ಪ್ರೊಕ್ಲೊರ್‌ಪೆರಜಿನ್ ಮುಂತಾದ ತಲೆಸುತ್ತಿನ ಮಾತ್ರೆಗಳು ಮೊದಲ ಕೆಲವು ದಿನಕ್ಕೆ ಮಾತ್ರ ಸರಿ. ಹಳೆಯ ಚೀಟಿ ತೋರಿಸಿ ತಿಂಗಳುಗಟ್ಟಲೆ ಕೊಂಡು ನುಂಗುವ ಹಿರಿಯರು ನಮ್ಮ ಸುತ್ತ ಇದ್ದಾರೆ. ಇವು ಮಿದುಳನ್ನು ಮಂಕಾಗಿಸಿ, ಸೋತ ಕಿವಿಯ ಕೊರತೆಯನ್ನು ಅದು ತಾನಾಗಿ ತುಂಬಿಕೊಳ್ಳುವ ಕೆಲಸಕ್ಕೆ ಅಡ್ಡಿಯಾಗುತ್ತವೆ; ಕೈನಡುಕ, ನಡಿಗೆ ನಿಧಾನವಾಗುವುದು ಇತ್ಯಾದಿ ಕಂಪವಾತದ ಲಕ್ಷಣಗಳನ್ನೂ ತರಬಲ್ಲವು. ಕಣ್ಣು, ತಲೆ, ಕತ್ತುಗಳನ್ನು ಕ್ರಮವಾಗಿ ಚಲಿಸುವ ವ್ಯಾಯಾಮವೇ ನಿಜವಾದ ಮದ್ದು. 1940ರ ದಶಕದಲ್ಲಿ ಇಂಗ್ಲೆಂಡಿನ ಕಾಥೋರ್ನ್ ಮತ್ತು ಕುಕ್ಸಿ ರೂಪಿಸಿದ ಈ ಅಭ್ಯಾಸಗಳನ್ನು ಫಿಸಿಯೋಥೆರಪಿಸ್ಟ್ ಅಥವಾ ಶ್ರವಣತಜ್ಞರು ಒಮ್ಮೆ ಕಲಿಸಿಕೊಟ್ಟರೆ ಮನೆಯಲ್ಲೇ ದಿನಕ್ಕೆರಡು ಸಲ ಮಾಡಬಹುದು. ಮೊದಮೊದಲು ಓಲಾಟ ಹೆಚ್ಚಾದಂತೆ ತೋರುವುದು ಸಹಜ.

ಅಷ್ಟರವರೆಗೆ ಬಚ್ಚಲಿನಲ್ಲಿ ಒಂದು ಹಿಡಿಕೆ, ರಾತ್ರಿ ಸಣ್ಣ ದೀಪ, ಸ್ನಾನಕ್ಕೆ ಪ್ಲಾಸ್ಟಿಕ್ ಸ್ಟೂಲು ಇರಲಿ. ವೈದ್ಯರಲ್ಲಿಗೆ ಹೋಗುವಾಗ ಕಿವಿ ಮಂದವಾದ ದಿನಾಂಕ, ಈಚೆಗೆ ತಿನ್ನಲು ಬಿಟ್ಟ ಪದಾರ್ಥ, ಇಳಿದ ತೂಕ, ತಲೆಚರ್ಮ ಮತ್ತು ಭುಜದ ನೋವು, ಕಣ್ಣು ಮಸುಕಾದ ಪ್ರಸಂಗ, ಮೂಗಿನ ರಕ್ತ, ಹಿಂದೆ ಪಡೆದ ಚುಚ್ಚುಮದ್ದುಗಳು ಇವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗುವುದು ಒಳ್ಳೆಯದು. ಹೊರರೋಗಿ ವಿಭಾಗದ ಸದ್ದಿನಲ್ಲಿ ಹಿರಿಯರಿಗೆ ವೈದ್ಯರ ಪ್ರಶ್ನೆ ಕೇಳಿಸುವುದಿಲ್ಲ, ಕೇಳಿಸದೆಯೇ "ಹೌದು" ಎಂದು ತಲೆಯಾಡಿಸಿಬಿಡುತ್ತಾರೆ. ಜೊತೆಗೆ ಹೋದವರು ಚೆನ್ನಾಗಿ ಕೇಳಿಸುವ ಕಿವಿಯ ಕಡೆಗೆ ಕುಳಿತುಕೊಳ್ಳಲಿ.